ಮನೆವಾರ್ತೆಯವನ ಲೆಕ್ಕ

ದಾನವನ್ನು ಕೊಂಡಾಡುವ ಮಾತು ನಮ್ಮ ಸಾಹಿತ್ಯದಲ್ಲಿ ಎಷ್ಟು ವಿಪುಲವಾಗಿದೆಯೋ, ಕೊಡುವವನ ಕೈಯಲ್ಲಿರುವ ಧನವು ಮೊದಲಿಗೆ ಯಾರದೆಂಬ ವಿಚಾರ ಅಷ್ಟೇ ವಿರಳವಾಗಿದೆ. ಬಲಿ, ಕರ್ಣ ಮೊದಲಾದವರು ತಮ್ಮದನ್ನೇ ಕೊಟ್ಟರು. ತಮ್ಮದಾಗಿದ್ದುದರಿಂದಲೇ ಅವರ ತ್ಯಾಗಕ್ಕೆ ಮಹತ್ತ್ವ ಬಂದಿತು. ಕ್ರೈಸ್ತ ಸುವಾರ್ತೆಗಳ ದೃಷ್ಟಾಂತಗಳಾದರೋ ಆ ಮೊದಲ ಪ್ರಶ್ನೆಯಿಂದಲೇ ಹೊರಡುತ್ತವೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯ ಪ್ರಯತ್ನದಿಂದ ಅವು ಕನ್ನಡಕ್ಕೆ ಬಂದವು. ಅಂದಿನಿಂದ ಅವನ್ನು ಮತಗ್ರಂಥವೆಂದು ನಮಸ್ಕರಿಸಿದವರೂ ಉಂಟು, ಪರಮತದ್ದೆಂದು ದೂರವಿಟ್ಟವರೂ ಉಂಟು. ಕನ್ನಡ ಗದ್ಯವೆಂದು ಓದಿ ಗುಣದೋಷಗಳನ್ನು ತೂಗಿದವರು ಮಾತ್ರ ಕಡಿಮೆ.

ಗುಣದ ಮಾತನ್ನು ಮೊದಲು ಹೇಳುವುದು ನ್ಯಾಯ. ಒಡೆಯನ ಸೊತ್ತನ್ನು ನೋಡಿಕೊಳ್ಳುವ ಸೇವಕನಿಗೆ ಕನ್ನಡ ಬೈಬಲು ‘ಮನೆವಾರ್ತೆಯವನು’ ಎಂಬ ಹೆಸರನ್ನು ಕೊಟ್ಟಿದೆ. ಇದು ಹೊರಗಿನಿಂದ ತಂದ ಮಾತಲ್ಲ. ಗೃಹಕೃತ್ಯದ ನಡುವೆಯೇ ಹುಟ್ಟಿದ ಅಚ್ಚ ಬಳಕೆಯ ಮಾತು. ಕಣಜದ ಬೀಗದ ಕೈ ಇವನ ಸೊಂಟದಲ್ಲಿರುತ್ತದೆ, ಕಣಜ ಇವನದಲ್ಲ. ಮಲೆನಾಡಿನ ಓದುಗರಿಗೆ ಈ ಸ್ಥಿತಿಯನ್ನು ವಿವರಿಸಬೇಕಾದುದಿಲ್ಲ. ಕಾಫಿ ತೋಟದ ರೈಟರು ಸಾವಿರಾರು ರೂಪಾಯಿಗಳನ್ನು ಎಣಿಸಿ ಬಟವಾಡೆ ಮಾಡುತ್ತಾನೆ. ಆದರೂ ಅದರಲ್ಲಿ ಒಂದು ಕಾಸಿಗಾದರೂ ತಾನೇ ಒಡೆಯನೆಂದು ಅವನು ಭಾವಿಸುವಂತಿಲ್ಲ. ಇಂತಹವನಿಗೆ ಬೇಕಾದ ಗುಣವು ಔದಾರ್ಯಕ್ಕಿಂತ ಮೊದಲು ನಂಬಿಕೆಗೆ ಅರ್ಹವಾದ ನಡತೆಯೆಂದು ಪೌಲನು ಕೊರಿಂಥದವರಿಗೆ ಬರೆದ ಪತ್ರದ ಅಭಿಪ್ರಾಯ. ಈ ಒಂದು ಪದದಿಂದ ದಾನದ ಅಹಂಕಾರಕ್ಕೆ ಬುಡದಲ್ಲಿಯೇ ಕೊಡಲಿ ಬೀಳುತ್ತದೆ. ಪರರದನ್ನು ಪರರಿಗೆ ಮುಟ್ಟಿಸಿದವನು ದಾನಶೂರನೆಂಬ ಬಿರುದನ್ನು ಹೇಗೆ ತಾನೆ ಧರಿಸಿಯಾನು?

ಇಷ್ಟು ಸೊಗಸಾದ ಪದವನ್ನು ಆರಿಸಿದ ಭಾಷಾಂತರಕಾರರು ‘ತಲಾಂತು’ ಎಂಬಲ್ಲಿ ಮಾತ್ರ ಓದುಗನ ಕೈಬಿಟ್ಟಿದ್ದಾರೆ. ಮತ್ತಾಯನ ಸುವಾರ್ತೆಯ ಕಥೆಯಲ್ಲಿ ಒಡೆಯನು ದೇಶಾಂತರ ಹೋಗುವಾಗ ಮೂವರು ಆಳುಗಳಿಗೆ ಕ್ರಮವಾಗಿ 5, 2, 1 ತಲಾಂತುಗಳನ್ನು ಒಪ್ಪಿಸುತ್ತಾನೆ. ಮೊದಲಿನ ಇಬ್ಬರು ವ್ಯಾಪಾರದಿಂದ ಅದನ್ನು ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ಹೂಳಿಡುತ್ತಾನೆ. ಒಂದೇ ತಲಾಂತು ದೊರೆತ ಬಡಪಾಯಿಯ ಮೇಲೆ ಒಡೆಯನಿಗೆ ಅಷ್ಟು ಕೋಪವೇಕೆಂದು ಕನ್ನಡದ ಓದುಗನು ಮರುಗುವುದು ಸಹಜ. ಆದರೆ ಒಂದು ತಲಾಂತೆಂದರೆ ಸುಮಾರು 6000 ದಿನಾರಿಗಳು. ಒಂದು ದಿನಾರಿಯು ಕೂಲಿಯವನ ಒಂದು ದಿನದ ಸಂಬಳ. ಹೂತಿಟ್ಟುದು ಪುಡಿಗಾಸಲ್ಲ, ಒಬ್ಬ ಶ್ರಮಿಕನ ಹದಿನಾರು ವರ್ಷಗಳಿಗೂ ಮೀರಿದ ದುಡಿಮೆಯ ಫಲ. ಈ ಅಳತೆ ತಿಳಿಯದಿದ್ದರೆ ಕಥೆಯ ತೀರ್ಪು ಕ್ರೌರ್ಯವಾಗಿ ಕಾಣುತ್ತದೆ. ತಿಳಿದರೆ, ತನಗೆ ಬಂದುದು ಅಲ್ಪವೆಂದು ನೆಪ ಹೇಳುವ ಎಲ್ಲರಿಗೂ ಅದು ತಾಗುತ್ತದೆ.

ಈ ದೃಷ್ಟಾಂತಕ್ಕೆ ಎದುರುಬದಿಯಂತೆ ಇರುವುದು ಬಡ ವಿಧವೆಯ ಪ್ರಸಂಗ. ದೇವಾಲಯದ ಬೊಕ್ಕಸಕ್ಕೆ ಧನಿಕರು ಬಹಳವಾಗಿ ಹಾಕುತ್ತಿರಲು ಆಕೆ ಎರಡು ಚಿಕ್ಕ ಕಾಸುಗಳನ್ನು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದು ಯೇಸು ನುಡಿದನು. ಅಲ್ಲಿ ಎಣಿಕೆಗೆ ಬಂದುದು ಕೊಟ್ಟ ಮೊತ್ತವಲ್ಲ, ಕೊಟ್ಟ ಮೇಲೆ ಉಳಿದ ಮೊತ್ತ. ಸುವಾರ್ತೆಯು ಆಕೆಯ ಹೆಸರನ್ನು ಹೇಳಲಿಲ್ಲ. ನಮ್ಮ ಕವಿಗಳ ಪದ್ಧತಿ ಬೇರೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ರನ್ನನು 993ರ ಅಜಿತಪುರಾಣದಲ್ಲಿ ಮನದಣಿಯೆ ಹೊಗಳಿದ್ದಾನೆ. ಆ ಹೊಗಳಿಕೆ ಸಾರ್ಥಕವಾದುದೆಂಬುದರಲ್ಲಿ ಸಂದೇಹವಿಲ್ಲ. ಗ್ರಂಥವೊಂದು ಆ ತಾಯಿಯಿಂದ ಉಳಿಯಿತು. ಆದರೆ ಹೆಸರಿನ ಆಸೆಯಿಂದ ಕೊಡುವವರು ಅತ್ತಿಮಬ್ಬೆಯ ಔದಾರ್ಯವನ್ನು ಬಿಟ್ಟು ಶಿಲಾಫಲಕವನ್ನಷ್ಟೇ ಅನುಕರಿಸುವ ಕಾಲದಲ್ಲಿ, ಹೆಸರಿಲ್ಲದ ಆ ವಿಧವೆಯ ಚಿತ್ರವು ಉತ್ತಮವಾದ ಔಷಧ. ಲಜ್ಜೆಯಿಂದ ಕೊಡು, ಭಯದಿಂದ ಕೊಡು, ಅರಿತು ಕೊಡು ಎಂದು ತೈತ್ತಿರೀಯೋಪನಿಷತ್ತು ವಿಧಿಸಿದುದರ ತಾತ್ಪರ್ಯವೂ ಇದಕ್ಕೆ ದೂರವಲ್ಲ.

ಹಾಗಾದರೆ ನಮ್ಮಲ್ಲಿ ಹೇಳದೆ ಉಳಿದುದೆಲ್ಲವನ್ನೂ ಸುವಾರ್ತೆಯೇ ಹೇಳಿತೆಂದು ಒಪ್ಪಬಹುದೆ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಸ್ಮರಿಸದಿದ್ದರೆ ವಿಮರ್ಶೆ ಒಕ್ಕಣ್ಣಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಕೆಯ ಗಂಡ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಅದರಿಂದ ಅವರ ಜಂಗಮದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಆಕೆ ಸಂತೋಷಪಡಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ದಾಸೋಹಕ್ಕೇ ಸಲ್ಲುವ ಅಕ್ಕಿಯಲ್ಲವೆ ಎಂಬ ಸಮಾಧಾನ ಆಕೆಗೆ ಸಾಲಲಿಲ್ಲ. ಲೂಕನ ಸುವಾರ್ತೆಯಲ್ಲಿ ಸುಂಕದ ಜಕ್ಕಾಯನೂ ಹಿಂದಕ್ಕೆ ಕೊಡುತ್ತಾನೆ: ಸೊತ್ತಿನ ಅರ್ಧವನ್ನು ಬಡವರಿಗೆ, ವಂಚಿಸಿ ಪಡೆದುದನ್ನು ನಾಲ್ಮಡಿಯಾಗಿ. ಆದರೆ ಅವನು ಹಿಂದಿರುಗಿಸಿದ್ದು ಅನ್ಯಾಯದ ಗಳಿಕೆಯನ್ನು. ಲಕ್ಕಮ್ಮ ಹಿಂದಿರುಗಿಸಿದ್ದು ಅಗತ್ಯವನ್ನು ಮೀರಿದ ಗಳಿಕೆಯನ್ನು. ತಲಾಂತಿನ ಒಡೆಯನು ಇಮ್ಮಡಿಯನ್ನು ಮೆಚ್ಚಿದ ಕಡೆಯಲ್ಲಿ ಈಕೆ ಇಮ್ಮಡಿಯನ್ನೇ ಶಂಕಿಸಿದಳು. ದೃಷ್ಟಾಂತವು ಖರ್ಚಿನ ಪುಟವನ್ನು ಶೋಧಿಸಿದರೆ, ಲಕ್ಕಮ್ಮನ ಕಥೆ ಜಮೆಯ ಪುಟವನ್ನು ತೆರೆಯಿಸುತ್ತದೆ. ಎರಡೂ ಪುಟ ಸರಿಹೋಗದ ಲೆಕ್ಕವನ್ನು ಯಾವ ಒಡೆಯನು ತಾನೆ ಒಪ್ಪಿಯಾನು?

ಈ ವಿಚಾರವು ಗ್ರಂಥದಲ್ಲಿಯೇ ನಿಂತುದಲ್ಲ. ಮುತ್ತಿನಕೊಪ್ಪವು ಸೇರಿದ ನರಸಿಂಹರಾಜಪುರದ ಸೀಮೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ, ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರ ಇಗರ್ಜಿಗಳೂ ಉಂಟು. ಶೃಂಗೇರಿಯ ಅನ್ನದಾನವೂ ಈ ಮಲೆನಾಡಿನದೇ. ಆ ಕ್ರೈಸ್ತರ ಮೂಲದೇಶದಲ್ಲಿ ‘ಪಿಡಿಯರಿ’ ಎಂಬ ಪದ್ಧತಿಯುಂಟು. ಅನ್ನಕ್ಕೆ ಇಡುವ ಮೊದಲು ಗೃಹಿಣಿಯು ಒಂದು ಹಿಡಿ ಅಕ್ಕಿಯನ್ನು ಬಡವರಿಗಾಗಿ ಬೇರೆ ತೆಗೆದಿಡುತ್ತಾಳೆ. 1805ರಿಂದ 1871ರವರೆಗೆ ಬಾಳಿದ, ಚಾವರ ಕುರಿಯಾಕೋಸ್ ಏಲಿಯಾಸ್ ಎಂಬ ಪಾದ್ರಿಯು ಇಂತಹ ಅಕ್ಕಿಯಿಂದಲೇ ಬಡ ಮಕ್ಕಳ ಮಧ್ಯಾಹ್ನದ ಊಟವನ್ನು ನಡೆಸಿದನೆಂದು ಪ್ರಸಿದ್ಧಿ. ‘ಅರಿ’ಯೆಂದರೆ ಅಕ್ಕಿ, ‘ಪಿಡಿ’ಯೋ ನಮ್ಮ ಹಳಗನ್ನಡದ್ದೇ ಮಾತು, ಇಂದಿನ ‘ಹಿಡಿ’. ಪದದಲ್ಲಿ ಇರುವ ಬಾಂಧವ್ಯ ಧರ್ಮದಲ್ಲಿಯೂ ಇರುವುದನ್ನು ಕಾಣಲು ಪಾಂಡಿತ್ಯ ಬೇಕಿಲ್ಲ.

ಆ ಹಿಡಿಯ ಗುಣ ಎರಡು. ಅದು ಉಂಡು ಉಳಿದುದರಿಂದ ತೆಗೆದುದಲ್ಲ, ಉಣ್ಣುವುದಕ್ಕೆ ಮೊದಲು ತೆಗೆದುದು. ಒಮ್ಮೆ ಮಡಕೆಯಲ್ಲಿ ಬಿದ್ದು ಬೇರೆ ಮನೆಗಳ ಹಿಡಿಗಳೊಡನೆ ಬೆರೆತ ಮೇಲೆ ಅದು ಇಂತಹವರದೆಂದು ಯಾರೂ ಗುರುತಿಸಲಾರರು. ಅಡಕೆಯ ಧಾರಣೆ ಏರಿದ ವರ್ಷ ದೊಡ್ಡದಾಗಿ ಕೊಟ್ಟು, ಇಳಿದ ವರ್ಷ ಕೈಮುಚ್ಚುವ ಗೃಹಸ್ಥನಿಗಿಂತ, ದಿನವೂ ಹಿಡಿಯಳೆಯುವ ಗೃಹಿಣಿಯು ಮನೆವಾರ್ತೆಯ ಅರ್ಥವನ್ನು ಹೆಚ್ಚು ಬಲ್ಲವಳು. ಆ ಅಕ್ಕಿ ಮನೆಗೆ ಬಂದ ದಾರಿಯನ್ನೂ ಆಕೆ ಕೇಳಿದ ದಿನ, ಲಕ್ಕಮ್ಮನೂ ಆ ವಿಧವೆಯೂ ಒಂದೇ ಅಡಿಗೆಮನೆಯಲ್ಲಿ ಕುಳಿತಂತಾಗುವುದು.