ಭಾಗೀರಥಿಯ ಒಂಟಿತನ

ಏಕಾಂತವೆಂಬ ಮಾತಿಗೆ ಕನ್ನಡದಲ್ಲಿರುವ ಗೌರವ ಒಂಟಿತನಕ್ಕಿಲ್ಲ. ಮೊದಲನೆಯದು ನಾವಾಗಿ ಅರಸಿ ಹೋಗುವ ಸ್ಥಿತಿ. ಎರಡನೆಯದು ನಮ್ಮ ಮೇಲೆ ಬಂದು ಬೀಳುವಂಥದು. ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ನಡೆದದ್ದು ಏಕಾಂತವನ್ನು ಅರಸಿ. ಅಬ್ಬಲೂರಿನ ಶಾಸನ ಕೊಂಡಾಡುವ ಶರಣನ ಹೆಸರೇ ಏಕಾಂತದ ರಾಮಯ್ಯ. ಹೀಗೆ ತಾವಾಗಿ ಒಬ್ಬರೇ ಆದವರನ್ನು ಕುರಿತು ನಮ್ಮವರು ಶತಮಾನಗಳಿಂದ ಬರೆದಿದ್ದಾರೆ. ಆದರೆ ರೋಗದ ಭಯಕ್ಕೋ ಸರಕಾರದ ಆಜ್ಞೆಗೋ ಸಿಕ್ಕಿ ಒಬ್ಬಂಟಿಯಾದವರನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಏನುಂಟು? ೨೦೨೦ರ ಬೇಸಗೆಯಲ್ಲಿ ತುಳಸಿಗೇರಿಯ ಮನೆಯಲ್ಲಿ ಕುಳಿತು, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎಷ್ಟನೆಯ ಸಲವೋ ಓದುತ್ತಿದ್ದಾಗ, ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು.

ತುಳಸಿಗೇರಿ ಹನುಮಪ್ಪನ ಊರು. ಶನಿವಾರ ಬಂತೆಂದರೆ ಕಾಯಿ, ಕರ್ಪೂರ, ಗಾಡಿ, ಗದ್ದಲ. ಆ ವರ್ಷ ಮಾರ್ಚಿ ೨೫ರಿಂದ ದೇಶವೇ ಬಾಗಿಲಿಕ್ಕಿಕೊಂಡಿತು. ಗುಡಿಗಳು ಭಕ್ತರಿಗೆ ತೆರೆದದ್ದು ಜೂನ್ ೮ರಂದು. ಆ ದಿನಗಳಲ್ಲಿ ಪತ್ರಿಕೆ, ಆಕಾಶವಾಣಿ, ಪೋಲೀಸರ ಧ್ವನಿವರ್ಧಕ ಎಲ್ಲದರ ಬಾಯಲ್ಲೂ ಒಂದೇ ಮಾತು: ‘ಸಾಮಾಜಿಕ ಅಂತರ ಕಾಪಾಡಿ.’ ಕನ್ನಡ ಮೇಷ್ಟರ ಕಿವಿಗೆ ಇದು ಚುಚ್ಚದೆ ಇದ್ದೀತೆ? ಊರೊಳಗಿನ ಕೇರಿ, ಊರಾಚೆಯ ಕೇರಿ ಎಂದು ತಲೆತಲಾಂತರದಿಂದ ಸಾಮಾಜಿಕ ಅಂತರವನ್ನೇ ಕಾಪಾಡಿಕೊಂಡು ಬಂದ ಜನಕ್ಕೆ ಅದನ್ನು ಇನ್ನೊಮ್ಮೆ ಹೇಳಿಕೊಡುವ ಅಗತ್ಯವಿತ್ತೆ? ವಿಶ್ವ ಆರೋಗ್ಯ ಸಂಸ್ಥೆಯೇ ಅದೇ ಮಾರ್ಚಿಯಲ್ಲಿ ‘ದೈಹಿಕ ಅಂತರ’ವೆನ್ನುವುದೇ ಲೇಸೆಂದಿತು. ಆ ಮಾತು ನಮ್ಮಲ್ಲಿ ಅಷ್ಟಾಗಿ ಹಿಡಿಯಲಿಲ್ಲ. ಹಳೆಯ ರೂಢಿಗೆ ಹಳೆಯ ಮಾತೇ ಒಗ್ಗಿತೋ ಏನೋ!

ನಮ್ಮ ಹಿರಿಯರಿಗೆ ಪ್ಲೇಗು ಹೊಸದಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡಗಳನ್ನು ತಟ್ಟಿತು. ಅದರ ಸಲುವಾಗಿ ೧೮೯೭ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ೨೦೨೦ರಲ್ಲಿಯೂ ನಮ್ಮ ಸರಕಾರ ಮೊದಲು ಕೈಗೆತ್ತಿಕೊಂಡಿತು. ಕಾಯಿದೆ ಒಂದೇ, ಬಾಳು ಬೇರೆ. ಆಗ ಇಲಿ ಬಿದ್ದರೆ ಜನ ಊರು ಬಿಡುತ್ತಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು, ದನಕರುಗಳೊಡನೆ, ನೆರೆಹೊರೆಯವರೊಡನೆ ಇರುತ್ತಿದ್ದರು. ಕಷ್ಟ ಉಂಟು, ಸಾವು ಉಂಟು, ಆದರೆ ಬಾಗಿಲಿಲ್ಲ. ಬಾಗಿಲು ಮುಚ್ಚಿದ ಪ್ಲೇಗನ್ನು ನಾವು ಓದಿದ್ದು ಪರದೇಶದ ಪುಸ್ತಕಗಳಲ್ಲಿ. ೧೬೬೫ರ ಲಂಡನ್ ಪ್ಲೇಗನ್ನು ಕುರಿತು ೧೭೨೨ರಲ್ಲಿ ಬರೆದ ಡೆಫೊ, ರೋಗಿಯಿದ್ದ ಮನೆಗೆ ಕೆಂಪು ಶಿಲುಬೆ ಬರೆದು, ಬೀಗ ಜಡಿದು, ಕಾವಲಿಟ್ಟದ್ದನ್ನು ವರ್ಣಿಸುತ್ತಾನೆ. ಕಾಮೂವಿನ ‘ಪ್ಲೇಗ್’ (೧೯೪೭) ಕಾದಂಬರಿಯ ಒರಾನ್ ಪಟ್ಟಣದಲ್ಲಿ ಪತ್ರ ಬರೆಯುವುದೂ ನಿಷಿದ್ಧ. ಅಗಲಿದ ಗಂಡಹೆಂಡಿರ ಪ್ರೀತಿಯೆಲ್ಲ ತಂತಿಯ ನಾಲ್ಕು ಶಬ್ದಗಳಲ್ಲಿ ಮುಗಿಯಬೇಕು. ೨೦೨೦ರ ನಮ್ಮ ಪಾಡು ಗುಡಿಸಲಿನ ಅಜ್ಜಂದಿರಿಗಿಂತ ಇವರಿಗೇ ಹತ್ತಿರ.

೧೯೬೫ರಲ್ಲಿ ಬಂದ ‘ಸಂಸ್ಕಾರ’ವನ್ನು ಪ್ಲೇಗಿನ ಕಾದಂಬರಿಯೆಂದು ನಾವು ಓದುವುದೇ ಕಡಮೆ. ಜಾತಿ, ಧರ್ಮಸಂಕಟ, ಅಸ್ತಿತ್ವವಾದ ಎಂದು ವಿಮರ್ಶಕರು ಬರೆದಿರುವುದಕ್ಕೆ ಲೆಕ್ಕವಿಲ್ಲ. ನಾನೂ ಪರೀಕ್ಷೆಗಳಲ್ಲಿ ಅದನ್ನೇ ಕೇಳಿದ್ದೇನೆ. ಆದರೆ ಕಥೆ ನಡೆಯುವುದೇ ಪ್ಲೇಗಿನಿಂದ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ಸಾಯುತ್ತಾನೆ. ಹೆಣ ಬಿದ್ದಿರುವಾಗ ಅಗ್ರಹಾರಕ್ಕೆ ಊಟವಿಲ್ಲ. ಸಂಸ್ಕಾರ ಮಾಡುವವರು ಯಾರೆಂಬ ಚರ್ಚೆ ಮುಗಿಯುವುದಿಲ್ಲ. ಹೆಣವನ್ನು ದೂರವಿಟ್ಟದ್ದು ರೋಗದ ಭಯವಲ್ಲ, ಮೈಲಿಗೆಯ ಭಯ. ಕೊನೆಗೆ ಚಂದ್ರಿಯ ಮೊರೆಗೆ ಓಗೊಟ್ಟು ಕತ್ತಲಲ್ಲಿ ಅದನ್ನು ಸುಡುವವನು ಅಹಮದ್ ಬ್ಯಾರಿ. ನಾಲ್ವರು ಹೆಗಲು ಕೊಡದ ಸಾವುಗಳನ್ನು ೨೦೨೦ರಲ್ಲಿ ಕಂಡವರಿಗೆ ಈ ಪುಟಗಳು ಕಥೆಯೆನಿಸಲಾರವು. ಊರಾಚೆ ಬೆಳ್ಳಿಯ ಕೇರಿಯಲ್ಲಿ ಹೆಣವಿದ್ದ ಗುಡಿಸಲಿಗೇ ಬೆಂಕಿಯಿಡುತ್ತಾರೆ. ಅಲ್ಲಿ ಚರ್ಚೆಗೂ ಬಿಡುವಿಲ್ಲ.

ಇಷ್ಟನ್ನು ಇಷ್ಟು ನಿಷ್ಠುರವಾಗಿ ಕಂಡ ಕಣ್ಣು ಭಾಗೀರಥಿಯನ್ನು ಏಕೆ ಕಾಣಲಿಲ್ಲವೆಂಬುದೇ ನನ್ನ ಆಕ್ಷೇಪ. ಪ್ರಾಣೇಶಾಚಾರ್ಯನ ರೋಗಿ ಹೆಂಡತಿ ಈಕೆ. ರೋಗಿಯೆಂದು ತಿಳಿದೇ ಮದುವೆಯಾಗಿ, ದಿನವೂ ಆಕೆಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಆ ಸೇವೆಯಲ್ಲಿ ತಾನು ಮಾಗುತ್ತಿದ್ದೇನೆಂದು ಆಚಾರ್ಯ ನಂಬಿದ್ದಾನೆ. ಆಕೆಯ ಬಾಳು ಅವನ ತಪಸ್ಸಿಗೆ ಒದಗಿದ ಸಲಕರಣೆ. ಉಳಿದವರೆಲ್ಲ ಅಗ್ರಹಾರ ಬಿಟ್ಟು ಕೈಮರದ ದಾರಿ ಹಿಡಿದಾಗ ಅವಳು ಹಾಸಿಗೆಯಲ್ಲಿದ್ದಾಳೆ. ಮೇಲೆ ಹದ್ದು, ಕೆಳಗೆ ಸತ್ತ ಇಲಿ. ಅವಳಿಗೂ ಗಂಟು ಏಳುತ್ತದೆ, ಸಾಯುತ್ತಾಳೆ. ಆಚಾರ್ಯ ಒಬ್ಬನೇ ಅವಳನ್ನು ಸುಟ್ಟು, ಅಗ್ರಹಾರಕ್ಕೆ ಮರಳದೆ ನಡೆದುಬಿಡುತ್ತಾನೆ. ಅಲ್ಲಿಂದ ಕಾದಂಬರಿ ಅವನ ಹಿಂದೆಯೇ ಹೋಗುತ್ತದೆ. ಅವನ ತಳಮಳಕ್ಕೆ ಒಂದು ಕಾಡು, ಒಂದು ಜಾತ್ರೆ, ಬೇಡವೆಂದರೂ ಬಿಡದೆ ಅಂಟಿಕೊಳ್ಳುವ ಪುಟ್ಟನೆಂಬ ಜೊತೆಗಾರ. ಒಬ್ಬನೇ ಇರಬೇಕೆನ್ನುವವನಿಗೆ ಜೊತೆಯ ಕಾಟ! ಜೊತೆ ಬೇಕಾಗಿದ್ದವಳಿಗೆ ಕೆಲವೇ ಸಾಲು.

ಕಥೆ ಆಚಾರ್ಯನದು, ಆದ್ದರಿಂದ ಅವನ ಕಣ್ಣಿಗೆ ಕಂಡಷ್ಟೇ ಅಲ್ಲಿರುವುದು ಎಂದು ಸಹೃದಯರು ಹೇಳಬಹುದು. ಮೊದಲ ಭಾಗವನ್ನು ನೋಡಿದರೆ ಈ ಸಮಾಧಾನ ನಿಲ್ಲದು. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದುರ್ಗಾಭಟ್ಟ, ಶ್ರೀಪತಿ, ಚಂದ್ರಿ ಇವರೆಲ್ಲರ ಆಸೆ ಹಸಿವುಗಳ ಒಳಗೆ ಲೇಖನಿ ಸಲೀಸಾಗಿ ಹೊಕ್ಕು ಬರುತ್ತದೆ. ಭಾಗೀರಥಿಯ ಮನಸ್ಸಿನ ಹೊಸ್ತಿಲಲ್ಲಿ ಮಾತ್ರ ಅದು ನಿಲ್ಲುವುದೇ ಇಲ್ಲವೆಂಬಷ್ಟು ಕಡಮೆ. ಏಕಾಂತವನ್ನು ಬಲ್ಲ ನಮ್ಮ ನವ್ಯ ಸಾಹಿತ್ಯ ನಡೆಯಬಲ್ಲ ಗಂಡಸಿನ ಒಂಟಿತನವನ್ನು ಕಂಡಿತು. ಮಲಗಿದಲ್ಲೇ ಉಳಿದವಳದನ್ನು ಕಾಣಲಿಲ್ಲ. ‘ಸಂಸ್ಕಾರ’ ದೊಡ್ಡ ಕೃತಿಯೆಂದೇ ಈ ಮಾತು. ಸಣ್ಣ ಕೃತಿಯಾಗಿದ್ದರೆ ಕೇಳುವ ಗೋಜೇ ಇರುತ್ತಿರಲಿಲ್ಲ.

ಆ ಮೇ ತಿಂಗಳಲ್ಲಿ ನಮ್ಮ ಕಡೆಯ ದುಡಿಯುವ ಮಂದಿ ಗೋವೆ, ಮಂಗಳೂರುಗಳಿಂದ ಮರಳುತ್ತಿದ್ದರು. ಹಾಗೆ ಬಂದವರನ್ನು ಕೆಲವು ದಿನ ಶಾಲೆಯಲ್ಲಿರಿಸಿದ್ದರು. ವಯಸ್ಸಾದ ತಾಯಿಯೊಬ್ಬಳು ಸಂಜೆ ಕಾಂಪೌಂಡಿನ ಹೊರಗೆ ನಿಂತು ಕೂಗುತ್ತಿದ್ದಳು: “ಉಂಡೇನೋ ತಮ್ಮಾ?” ಒಳಗಿನಿಂದ, “ಹೂಂ ಬೇ, ಉಂಡೇನಿ. ನೀ ಮನೀಗೆ ನಡಿ.” ಮಗನಿಗೆ ಒಳಗೆ ಹತ್ತು ಜನ ಜೊತೆಗಾರರು. ಅವಳು ಮನೆಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ.

ಕಾಲೇಜು ತೆರೆದ ಮೇಲೆ ಈ ಕಾದಂಬರಿಯನ್ನು ಮತ್ತೆ ಪಾಠ ಮಾಡಿದೆ. ಮಾರುತಿಯ ಗುಡಿಯಿಂದ ಉತ್ತರ ಸಿಗದೆ ಬರುವ ಆಚಾರ್ಯ ಕತ್ತಲ ಕಾಡಿನಲ್ಲಿ ಚಂದ್ರಿಯನ್ನು ಕೂಡುವ ಪ್ರಸಂಗವನ್ನು ನಾವು ಮೇಷ್ಟರುಗಳು ಬಹಳ ಉತ್ಸಾಹದಿಂದ ವಿವರಿಸುತ್ತೇವೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಆಚಾರ್ಯ ಅಡವ್ಯಾಗ ಇದ್ದಾಗ ಮನ್ಯಾಗ ಆಕಿಗೆ ನೀರು ಕೊಟ್ಟವರು ಯಾರ್ರೀ?” ತರಗತಿ ನಗಲಿಲ್ಲ. ನಾನು ಪುಟ ಹಿಂದಕ್ಕೆ ತಿರುಗಿಸಿ ಆ ಭಾಗವನ್ನು ಮೊದಲಿನಿಂದ ಓದತೊಡಗಿದೆ.