ಆಯಿಲ್ ಮುಚ್ಚಳದ ಕೆಳಗೆ

‘ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್.’ ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಬಾಯಲ್ಲಿ ಈ ಮಾತು ಇನ್ನೂ ಸವೆದಿಲ್ಲ. ಓಡಿಸಿದ್ದು ಯಾರೇ ಆಗಲಿ, ಆಯಿಲ್ ಬದಲಾಯಿಸಿದ ಬಿಲ್ ತೋರಿಸಿ ಅನ್ನಿ. ಬಿಲ್ಲುಗಳ ಸಮೇತ 1.5 ಲಕ್ಷ ಕಿ.ಮೀ. ಓಡಿದ ಕಾರನ್ನು ನಾನು ಕಣ್ಣುಮುಚ್ಚಿ ನೋಡಲು ಹೋಗುತ್ತೇನೆ. ಮೀಟರು 50,000 ತೋರಿಸುತ್ತಿದೆ, ಕಾಗದ ಮಾತ್ರ ಒಂದೂ ಇಲ್ಲ ಅಂದರೆ ಅನುಮಾನ. ಮೀಟರನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸವೆದ ಪಿಸ್ಟನ್ ರಿಂಗನ್ನು ಹಿಂದಕ್ಕೆ ತಿರುಗಿಸುವವರಿಲ್ಲ.

ಹಳೆಯ ಡೀಸೆಲ್ ಸ್ವಿಫ್ಟನ್ನೇ ತೆಗೆದುಕೊಳ್ಳೋಣ. ಅದರೊಳಗಿರುವುದು ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್, 1,248 ಸಿಸಿ. ಟಾಟಾ ವಿಸ್ಟಾದಲ್ಲೂ ಫಿಯೆಟ್ ಪುಂಟೊದಲ್ಲೂ ಇದೇ ಇಂಜಿನ್ ಇತ್ತು. 2020ರಲ್ಲಿ ಬಿಎಸ್‌6 ಬಂದಾಗ ಮಾರುತಿ ಇದನ್ನು ಕೈಬಿಟ್ಟಿತು. ಗಟ್ಟಿ ಇಂಜಿನ್, ಆದರೆ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದ ಮೇಲೆ. ಆಯಿಲ್ ಕೆಟ್ಟು, ಇಂಜಿನ್ ತಳದ ಆಯಿಲ್ ಚೇಂಬರಿನ ಜಾಲರಿ ಕಟ್ಟಿಕೊಂಡರೆ ಒತ್ತಡ ಕುಸಿಯುತ್ತದೆ, ಚೈನ್ ಸಡಿಲವಾಗುತ್ತದೆ. ಚೈನ್ ಹಲ್ಲು ತಪ್ಪಿ ವಾಲ್ವ್ ಪಿಸ್ಟನ್ನಿಗೆ ಬಡಿದರೆ ಹೆಡ್ ಬಿಚ್ಚಲೇಬೇಕು.

ಸಡಿಲ ಚೈನಿನ ಸದ್ದು ತಣ್ಣಗಿನ ಇಂಜಿನ್ನಿನಲ್ಲೇ ಎದ್ದು ಕೇಳುತ್ತದೆ. ಹಾಗಾಗಿ ಗಾಡಿ ನೋಡಲು ಬೆಳಗ್ಗೆಯೇ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮುಂಚೆಯೇ ಹೇಳಿಡಿ. ಬಾನೆಟ್ ಮೇಲೆ ಅಂಗೈ ಇಟ್ಟಾಗ ಬಿಸಿಯಿದ್ದರೆ ಮಾರುವವರು ಏನೋ ಮುಚ್ಚಿಡುತ್ತಿರಬಹುದು. ಇನ್ನೊಂದು ದಿನ ಬರುತ್ತೇನೆ ಅನ್ನಿ. ಥಳಥಳ ತೊಳೆದಿಟ್ಟ ಇಂಜಿನ್ನೂ ನನಗೆ ಹಿಡಿಸದು. ಆಯಿಲ್ ಎಲ್ಲಿ ಜಿನುಗುತ್ತಿತ್ತು ಎಂಬ ಗುರುತೇ ಅಳಿಸಿಹೋಗಿರುತ್ತದೆ.

ಮೊದಲು ಆಯಿಲ್ ಮುಚ್ಚಳ ಬಿಚ್ಚಿ, ತಿರುಗಿಸಿ ನೋಡಿ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ, ಬಣ್ಣ ನೋಡಿ ಹೆದರಬೇಕಿಲ್ಲ. ನೋಡಬೇಕಾದದ್ದು ಜಿಡ್ಡು. ಮುಚ್ಚಳದ ಒಳಮೈಗೆ, ಕಂಡಷ್ಟು ದೂರ ಹೆಡ್ಡಿನ ಒಳಗೆ, ಡಬ್ಬದ ತಳಕ್ಕೆ ಹತ್ತಿದ ಜೋನಿಬೆಲ್ಲದ ಹಾಗೆ ದಪ್ಪಗೆ ಅಂಟಿಕೊಂಡಿದೆಯೇ? ಬೆರಳಿನಲ್ಲಿ ಕೆರೆದರೂ ಏಳುವುದಿಲ್ಲವೇ? ಹಾಗಿದ್ದರೆ ಸರ್ವಿಸ್ ತಪ್ಪಿದ್ದು ಒಂದು ಸಲವಲ್ಲ. ಡಿಪ್‌ಸ್ಟಿಕ್ಕಿನ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ; ಮರಳಿನಂತೆ ಒರಟು ತಾಗಬಾರದು. ಕೂಲಂಟ್ ಡಬ್ಬಿಯಲ್ಲಿ ಹಸಿರೋ ಗುಲಾಬಿಯೋ ಇರಬೇಕಾದ ಜಾಗದಲ್ಲಿ ತುಕ್ಕುನೀರಿದ್ದರೆ ಅಲ್ಲೂ ಅದೇ ಕಥೆ.

ಈಗ ಬೇರೆಯವರು ಸೆಲ್ಫ್ ಹೊಡೆಯಲಿ, ನೀವು ಬಾನೆಟ್ ಪಕ್ಕ ನಿಲ್ಲಿ. ಡೀಸೆಲಿನ ಟಕಟಕ ಬೇರೆ, ಚೈನ್ ಕವರಿನೊಳಗಿನ ಗರಗರ ಬೇರೆ. ಕಿವಿ ಬಲು ಬೇಗ ಕಲಿಯುತ್ತದೆ. ಗರಗರ ನಿಲ್ಲದಿದ್ದರೆ ಚೈನ್ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಭಸಭಸ ಹೊಗೆ ಉಗಿದರೆ ಅದು ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಷನ್. ರಿಂಗೋ ಬೋರೋ ಸವೆದಿದೆ. ಸೈಲೆನ್ಸರಿನ ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಹೋಗಿದ್ದರೂ ನೀಲಿಯೇ ಬರುತ್ತದೆ, ರಿಂಗನ್ನೂ ಟರ್ಬೊವನ್ನೂ ನೋಡಿಸಿ.

ಇಷ್ಟಾದ ಮೇಲೂ ಮನಸ್ಸು ಗಾಡಿಯ ಮೇಲಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ನಾಲ್ಕೂ ಸಿಲಿಂಡರಿನ ಅಳತೆ ಹತ್ತಿರ ಹತ್ತಿರ ಬರಬೇಕು. ಪೆಟ್ರೋಲ್ ಕಾರಾದರೆ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಳತೆ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇದಕ್ಕೆ ಒಪ್ಪದ ಮಾಲೀಕರಿಗೆ ನಮಸ್ಕಾರ ಹೇಳಿ ಹೊರಡಿ.

ಕೊಂಡ ಗಾಡಿಗೆ ಜಿಡ್ಡು ಕೀಳುವ ಇಂಜಿನ್ ಫ್ಲಶ್ ಹಾಕಿಸುವ ಆತುರ ಬೇಡ. ಕಿತ್ತುಬಂದ ಜಿಡ್ಡು ಹೋಗಿ ಜಾಲರಿಗೇ ಕೂರುತ್ತದೆ. ಚೇಂಬರ್ ಇಳಿಸಿ, ಜಾಲರಿ ತೊಳೆಸಿ, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿಸಿ, 1,000 ಕಿ.ಮೀ. ಆದ ಮೇಲೆ ಅದನ್ನೂ ಬದಲಾಯಿಸಿ. ಚೈನ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಬರೀ ಚೈನ್ ಹಿಡಿದು ಬರಬೇಡಿ. ಟೆನ್ಷನರ್, ಗೈಡ್ ಎಲ್ಲ ಸೇರಿದ ಸೆಟ್ ಕೇಳಿ.