ಮಗಳ ಕಂಪ್ಯೂಟರ್ ಪಾಠ

ನಾನು ಬಿ.ಎ. ಓದಿದ್ದು ಅಂಚೆಯಲ್ಲಿ. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬರುತ್ತಿದ್ದ ಪಾಠದ ಕಟ್ಟನ್ನು ಒಲೆ ಮುಂದೆ ಕೂತು ಓದಿ, ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದೆ. 1969ರಲ್ಲಿ ಹುಟ್ಟಿದ ಆ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಈಗ ಹನೂರಿನಲ್ಲಿರುವ ಮಗಳು ಬೇರೊಂದು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ.ಯನ್ನು ಮನೆಯ ಕಂಪ್ಯೂಟರಿನಲ್ಲೇ ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ಪಕ್ಕದಲ್ಲಿ ಕೂತು ನೋಡಿದೆ. ಧ್ವನಿಪಾಠ ಚೆನ್ನಾಗಿದೆ, ಮುದ್ದೆ ತಿರುವುತ್ತಲೇ ಕೇಳಬಹುದು, ಅರ್ಥವಾಗದಿದ್ದರೆ ಮತ್ತೆ ಕೇಳಬಹುದು. ನನಗೆ ಆ ಭಾಗ್ಯವಿರಲಿಲ್ಲ. ಆದರೆ ಓದುವ ಪಾಠವೆಂದರೆ ಅಚ್ಚಾದ ಪುಟಗಳ ಫೋಟೋ, ಅಷ್ಟೆ. ‘ವಚನ’ ಎಂದು ಹುಡುಕಿದರೆ ಏನೂ ಸಿಗದು. ಯಂತ್ರಕ್ಕೆ ಅದು ಅಕ್ಷರವೇ ಅಲ್ಲ, ಚಿತ್ರ. ಇಷ್ಟಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು?

ಯಳಂದೂರಿನ ಸಹಪಾಠಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ ಟಿಪ್ಪಣಿ ಇವಳಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯಿತು. “ಅಮ್ಮಾ, ನಾಡಿದ್ದೇ ಕೊನೇ ದಿನ” ಎಂದು ಕಣ್ಣು ತುಂಬಿಕೊಂಡಳು. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆಂದು ಯಾರೂ ಹೇಳಿರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು 1998ರಲ್ಲಿ ಕೊಟ್ಟ ‘ಬರಹ’ ಇರುವಾಗ ಕನ್ನಡಕ್ಕೆ ಸಲಕರಣೆಯ ಬಡತನವಿಲ್ಲ. ಪಾಠ ಸಿದ್ಧಮಾಡುವವರು ಒಮ್ಮೆಯಾದರೂ ಓದುವವಳ ಕುರ್ಚಿಯಲ್ಲಿ ಕೂರಲಿಲ್ಲ.

ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಪುಟಗಳನ್ನೆಲ್ಲ ಮುದ್ರಿಸಿಕೊಂಡು ಬಂದಳು. ನಾನು ಪೆನ್ಸಿಲ್ ಹೆರೆದುಕೊಟ್ಟೆ.